ಸ್ವರ್ಗದ ಕಾವಲಿಗೆ ಅತ್ತೆ

ನಾನು ಹಲ್ಲಿನ ಡಾಕ್ಟರು. ಜಯನಗರದ ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಇಪ್ಪತ್ತೈದು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಮುಂದಿನ ಕೋಣೆಯಲ್ಲಿ ಮೇಜಿನ ಹಿಂದೆ ನನ್ನ ಅತ್ತೆ ಕೂರುತ್ತಾರೆ. ಅಲ್ಲಿದ್ದ ಹುಡುಗಿ ಮದುವೆಯಾಗಿ ಕೆಲಸ ಬಿಟ್ಟಾಗ, ಹೊಸಬರು ಸಿಗುವ ತನಕ ತಾವೇ ನೋಡಿಕೊಳ್ಳುತ್ತೇನೆಂದು ಕೂತವರು, ಆರು ವರ್ಷವಾದರೂ ಎದ್ದಿಲ್ಲ. ಅವರಿಗೀಗ ಎಂಬತ್ತರ ಹತ್ತಿರ. ಬಂದವರ ಹೆಸರು ಬರೆದುಕೊಳ್ಳುವ ಮೊದಲು ಬಾಯಿ ತೆರೆಸಿ ನೋಡುತ್ತಾರೆ, ಕಾಯಿಲೆ ಏನೆಂದು ತೀರ್ಮಾನಿಸುತ್ತಾರೆ, ಆಮೇಲೆ ಒಳಗೆ ಬಿಡುತ್ತಾರೆ. ನಾನು ಬೇರೇನಾದರೂ ಹೇಳಿದರೆ ರೋಗಿಗಳು ಹೊರಗೆ ಹೋಗುವಾಗ ಅವರನ್ನು ಇನ್ನೊಂದು ಮಾತು ಕೇಳಿಕೊಂಡು ಹೋಗುವುದೂ ಉಂಟು.

ನಮ್ಮಿಬ್ಬರ ನಡುವೆ ಜಗಳವಿಲ್ಲ. ಹಾಗೆಂದು ಮಾತೂ ಹೆಚ್ಚಿಲ್ಲ. ಹನ್ನೊಂದಕ್ಕೆ ಯಾರು, ಹನ್ನೆರಡಕ್ಕೆ ಯಾರು ಎಂಬಷ್ಟರಲ್ಲೇ ದಿನ ಕಳೆದುಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ಅತ್ತೆ ಪರದೆ ಸರಿಸಿ ತಲೆ ಒಳಗೆ ಹಾಕಿದರು.

"ಒಬ್ಬ ಬಂದಿದಾನೆ. ಮುಂದಿನ ಹಲ್ಲು ಅರ್ಧ ಮುರಿದಿದೆ. ಎಲ್ಲಿಂದ ಬಿದ್ದೆ ಅಂದ್ರೆ ಹಿಮಾಲಯದಿಂದ ಅಂತಾನೆ."

ಕರ್ಚೀಫು ಬಾಯಿಗೆ ಒತ್ತಿಕೊಂಡು ಬಂದವನಿಗೆ ಇಪ್ಪತ್ತೆಂಟು ವರ್ಷವಿರಬಹುದು. ಬಾಗಲಕೋಟೆ ಕಡೆಯವನು. ಬಿಟಿಎಂ ಲೇಔಟಿನಲ್ಲಿ ಇಬ್ಬರು ಸ್ನೇಹಿತರ ಜೊತೆ ರೂಮು ಮಾಡಿಕೊಂಡು ಯಾವುದೋ ಕಂಪನಿಯಲ್ಲಿ ಕೆಲಸಕ್ಕಿದ್ದ. ವಾರದ ಐದು ದಿನ ಅಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು, ಉಳಿದ ಎರಡು ದಿನ ತಾನೇ ನಿರ್ದೇಶಕನಾಗಿ ಸಿನಿಮಾ ಮಾಡುವುದು. ಅವನು ಬಿದ್ದ ಹಿಮಾಲಯ ಪುಟ್ಟೇನಹಳ್ಳಿ ಕೆರೆಯ ದಂಡೆಯ ಒಂದು ಸಿಮೆಂಟ್ ಬೆಂಚು. ಬೆಂಚಿನ ಮೇಲಿಂದ ಬೀಳುವುದನ್ನು ಕೆಳಗಿನಿಂದ ಚಿತ್ರಿಸಿದರೆ ಶಿಖರದಿಂದ ಬಿದ್ದಂತೆ ಕಾಣುತ್ತದೆ ಎಂದು ರೂಮಿನ ಸ್ನೇಹಿತನೊಬ್ಬ ಕ್ಯಾಮೆರಾ ಹಿಡಿದಿದ್ದನಂತೆ. ಬೀಳುವುದು ಚೆನ್ನಾಗಿಯೇ ಆಯಿತು. ಹಲ್ಲು ಹೋಯಿತು. ಫೋಕಸ್ ತಪ್ಪಿದೆ, ಇನ್ನೊಂದು ಸಲ ಬೀಳು ಎಂದು ಆ ಸ್ನೇಹಿತ ಕೇಳಿದನಂತೆ.

ಇಷ್ಟನ್ನೂ ಅವನು ಬಾಯಿಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದ. ವ್ಯಂಜನಗಳಿಲ್ಲದ ಭಾಷೆ ನನಗೆ ಅಭ್ಯಾಸವಾಗಿರುವುದರಿಂದ ಎಲ್ಲವೂ ತಿಳಿಯಿತು. ಎರಡನೆಯ ಭೇಟಿಯಲ್ಲಿ ಪೂರ್ತಿ ಕಥೆಯೂ ಬಂತು. ಐವರು ಪ್ರಯಾಣಿಕರಿಗೆ ಒಂದು ಹಳೆಯ ತಾಮ್ರದ ತಗಡು ಸಿಗುತ್ತದೆ. ಬೆಟ್ಟಗಳಾಚೆ, ಯಾರ ಕಣ್ಣಿಗೂ ಬೀಳದ ಒಂದು ತೋಟವಿದೆ, ಅಲ್ಲಿ ಯಾರಿಗೂ ಹಸಿವೆಯಿಲ್ಲ, ಮುಪ್ಪಿಲ್ಲ ಎಂದು ಅದರಲ್ಲಿ ಕೊರೆದಿದೆ. ಐವರೂ ಹುಡುಕಿಕೊಂಡು ಹೊರಡುತ್ತಾರೆ. ಬೆನ್ನ ಹಿಂದೆ ಕೊಲೆಗಡುಕರ ಗುಂಪೊಂದು ಬರುತ್ತದೆ. ದಾರಿಯಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ. ಕೊನೆಗೆ ಒಬ್ಬರು ಬಾಗಿಲು ಮುಟ್ಟಿದಾಗ ಅಲ್ಲೊಬ್ಬ ಕಾವಲಿನ ಹೆಂಗಸು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಸರಿಯಾದ ಉತ್ತರ ಹೇಳಿದವರಿಗೆ ಸ್ವರ್ಗ, ತಪ್ಪು ಹೇಳಿದವರಿಗೆ ಕಣಿವೆ.

ಚಿತ್ರದ ಹೆಸರನ್ನು ಅವನು ಮೂರು ಸಲ ಬದಲಾಯಿಸಿದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹಲ್ಲಿಗೆ ಕ್ಯಾಪ್ ಕೂರಿಸಿದ ದಿನ ಅವನು ಕನ್ನಡಿಯಲ್ಲಿ ತನ್ನ ಬಾಯಿ ನೋಡಿಕೊಳ್ಳುವ ಬದಲು ನನ್ನನ್ನೇ ನೋಡುತ್ತಾ ಕೂತ. ತಾನೂ ತನ್ನ ಸ್ನೇಹಿತರೂ ಎಲ್ಲ ಒಂದೇ ವಯಸ್ಸಿನವರು, ಎಲ್ಲರಿಗೂ ಒಂದೇ ನಮೂನೆಯ ಗಡ್ಡ, ಯಾರು ಸತ್ತರು ಯಾರು ಉಳಿದರು ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ ಎಂದು ಕಷ್ಟ ಹೇಳಿಕೊಂಡ. ಆಮೇಲೆ, ಕಾವಲಿನ ಹೆಂಗಸಿನ ಪಾತ್ರ ನೀವು ಮಾಡಬೇಕು ಎಂದ.

"ನೀವು ಮಾಸ್ಕ್ ಹಾಕ್ಕೊಂಡು ಮ್ಯಾಲಿಂದ ನೋಡ್ತೀರಲ್ರಿ ಮೇಡಂ, ಆ ಕಣ್ಣು ನೋಡಿದ್ರ ಎದಿ ಝಲ್ ಅಂತೈತ್ರಿ. ನಮ್ಮ ಸಿನಿಮಾಕ್ಕ ಅದ ಬೇಕು."

ಆಗುವುದಿಲ್ಲವೆಂದೆ. ಆದರೆ ಅವತ್ತು ಕೈ ತೊಳೆಯಲು ಹೋದಾಗಲೆಲ್ಲ ವಾಷ್‌ಬೇಸಿನ್ ಮೇಲಿನ ಕನ್ನಡಿಯಲ್ಲಿ ಮಾಸ್ಕ್ ಹಾಕಿಕೊಂಡು ನೋಡಿಕೊಂಡೆ. ಐವತ್ತೆರಡನೆಯ ವಯಸ್ಸಿನಲ್ಲಿ ಒಬ್ಬರ ಎದೆ ಝಲ್ ಎನ್ನಿಸುವುದು ಸಣ್ಣ ವಿಷಯವಲ್ಲ. ಸಂಜೆ ಒಪ್ಪಿಕೊಳ್ಳೋಣವೆಂದು ನಿರ್ಧರಿಸಿ ಮೇಲೆ ಹೋದರೆ, ಪರದೆಯ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ನನಗಿಂತ ಮೊದಲೇ ನಿರ್ಧಾರ ಮಾಡಿಯಾಗಿತ್ತು.

"ಸ್ವರ್ಗ ಕಾಯೋಳು ಅಂದ್ರೆ ವಯಸ್ಸಾಗಿರಬೇಕು. ನಿನ್ನ ನೋಡಿದ್ರೆ ಯಾರಾದ್ರೂ ನಂಬ್ತಾರಾ? ಆ ಹುಡುಗನಿಗೆ ಫೋನ್ ಮಾಡು, ನಾನು ಬರ್ತೀನಿ ಅಂತ."

ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಬೇಡವೋ ನನಗೆ ಈಗಲೂ ಗೊತ್ತಿಲ್ಲ. ಫೋನ್ ಮಾಡಿದೆ. ಅವನಿಗೆ ಖುಷಿಯೋ ಖುಷಿ. ಎರಡು ಪಾತ್ರ ಖಾಲಿಯಿದ್ದವು. ಅತ್ತೆ ಕಾವಲಿನವರಾದರು, ನಾನು ಐವರಲ್ಲಿ ಒಬ್ಬಳಾದ ಡಾಕ್ಟರಾದೆ. ಕೊನೆಯವರೆಗೂ ಬದುಕುವ ಪಾತ್ರ ಎಂದು ನನ್ನನ್ನು ಸಮಾಧಾನ ಮಾಡಿದ. ನನ್ನ ಯಜಮಾನರು ಮಾತ್ರ ಅಮ್ಮನ ಮಂಡಿನೋವಿನ ಬಗ್ಗೆ ಚಿಂತೆ ಮಾಡಿದರು. ಕಾವಲಿನವರು ಎಲ್ಲಿಗೂ ಹೋಗಬೇಕಾಗಿಲ್ಲ, ಬೇಕಾದವರು ಅವರ ಹತ್ತಿರ ಬರುತ್ತಾರೆ ಎಂದು ಅತ್ತೆಯೇ ಉತ್ತರ ಕೊಟ್ಟರು.

ಎಲ್ಲ ಸರಿಹೋಯಿತು, ಸ್ವರ್ಗವೊಂದು ಬಾಕಿ. ಕಾಡು, ಬೆಟ್ಟ, ಗುಹೆಗಳನ್ನೆಲ್ಲ ಅವರು ಆಗಲೇ ಭಾನುವಾರಗಳಲ್ಲಿ ಅಲ್ಲಿ ಇಲ್ಲಿ ಚಿತ್ರಿಸಿ ಮುಗಿಸಿದ್ದರು. ಅಲ್ಲೆಲ್ಲ ಡಾಕ್ಟರಾಗಿ ಶಾಲು ಹೊದ್ದು ಬೆನ್ನು ತೋರಿಸಿದ್ದು ಒಬ್ಬ ಸ್ನೇಹಿತನಂತೆ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ರೂಮಿಗೆ ವಾಪಸಾಗಬಹುದಾದ ಸ್ವರ್ಗ ಬೇಕಿತ್ತು.

ಮೊದಲು ನೋಡಿದ್ದು ಅದೇ ಪುಟ್ಟೇನಹಳ್ಳಿ ಕೆರೆ. ಬೆಳಿಗ್ಗೆ ಆರಕ್ಕೆ ಹೋದರೆ ಮಂಜು ಇರುತ್ತದೆ, ಹಕ್ಕಿಗಳಿರುತ್ತವೆ ಎಂದಿದ್ದ. ಎರಡೂ ಇದ್ದವು. ಜೊತೆಗೆ ವಾಕಿಂಗಿನವರಿದ್ದರು. ಕ್ಯಾಮೆರಾ ಯಾವ ಕಡೆ ತಿರುಗಿಸಿದರೂ ಟ್ರ್ಯಾಕ್‌ಪ್ಯಾಂಟು ಹಾಕಿದ ಹಿರಿಯರೊಬ್ಬರು ಕೈ ಬೀಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದು ಬರುತ್ತಿದ್ದರು. ಮಂಡಿಗೆ ಒಳ್ಳೆಯದಂತೆ. ಐದು ನಿಮಿಷ ಬೇರೆ ಕಡೆ ನಡೆಯಿರೆಂದು ನಿರ್ದೇಶಕ ಕೈಮುಗಿದು ಕೇಳಿದ. ನೀವು ಇವತ್ತು ಬಂದು ನಾಳೆ ಹೋಗುವವರು, ನಾನು ನಾಳೆಯೂ ಇಲ್ಲೇ ನಡೆಯುವವನು, ಯಾರು ಜಾಗ ಬಿಡಬೇಕು ನೀವೇ ಹೇಳಿ ಎಂದು ಅವರು ಹಿಂದಕ್ಕೆ ನಡೆಯುತ್ತಲೇ ಕೇಳಿದರು. ವಾದದಲ್ಲಿ ಹುರುಳಿತ್ತು. ಅಷ್ಟರಲ್ಲಿ ಬೇರೆ ಇಬ್ಬರು ಅತ್ತೆಯ ಗುರುತು ಹಿಡಿದು ಬಂದು ಬಾಯಿ ತೆರೆದು ತೋರಿಸತೊಡಗಿದರು. ಕಾವಲಿನ ವೇಷದಲ್ಲಿ ಬೆಂಚಿನ ಮೇಲೆ ಕೂತಿದ್ದ ಅತ್ತೆ ಒಬ್ಬರಿಗೆ ಮಂಗಳವಾರ, ಇನ್ನೊಬ್ಬರಿಗೆ ಗುರುವಾರ ಬರಲು ಹೇಳಿದರು. ಸೂರ್ಯ ಮೇಲೆ ಬಂದ, ಮಂಜು ಕರಗಿತು, ನಾವು ಇಡ್ಲಿ ತಿಂದು ಮನೆಗೆ ಬಂದೆವು.

ಎರಡನೆಯ ಸ್ವರ್ಗವನ್ನು ನಿರ್ದೇಶಕ ಬಸ್ಸಿನ ಕಿಟಕಿಯಿಂದ ಕಂಡಿದ್ದ. ಕನಕಪುರ ರಸ್ತೆಯಲ್ಲಿ, ಕೋಣನಕುಂಟೆ ದಾಟಿದ ಮೇಲೆ, ಹೊಸ ಅಪಾರ್ಟ್‌ಮೆಂಟೊಂದರ ಎತ್ತರದ ಜಾಹೀರಾತು. ಅದರಲ್ಲಿ ಜಲಪಾತ, ಹಸಿರು ಹುಲ್ಲು, ನಗುವ ಜನ. ನೀವು ಹುಡುಕುತ್ತಿದ್ದ ಸ್ವರ್ಗ ಇಲ್ಲಿದೆ ಎಂದು ದೊಡ್ಡದಾಗಿ ಬರೆದಿತ್ತು. ಇಷ್ಟು ನೇರವಾಗಿ ಕರೆದ ಮೇಲೆ ಹೋಗದೆ ಇರುವುದು ಹೇಗೆ ಎಂದ. ಚಿತ್ರೀಕರಣಕ್ಕೆ ಎಂದು ಕೇಳಿದರೆ ಬಿಡುವುದಿಲ್ಲ, ಆದ್ದರಿಂದ ಮನೆ ಕೊಳ್ಳುವ ಕುಟುಂಬದ ಹಾಗೆ ಹೋಗೋಣ ಎಂಬುದು ಅವನ ಯೋಜನೆ. ಸುಳ್ಳು ಹೇಳುವುದು ನನ್ನಿಂದಾಗದು ಎಂದೆ.

"ಸುಳ್ಳೆಲ್ಲಿ ಬಂತು? ಮನೆ ನೋಡೋಕೆ ಹೋಗ್ತೀವಿ, ನೋಡ್ಕೊಂಡು ಬರ್ತೀವಿ," ಎಂದರು ಅತ್ತೆ.

ಯಜಮಾನರು ಕಾರು ಓಡಿಸಿದರು. ನಿರ್ದೇಶಕ ನಮ್ಮ ದೊಡ್ಡ ಮಗ, ಕ್ಯಾಮೆರಾದವನು ಚಿಕ್ಕ ಮಗ. ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷ, ದೊಡ್ಡ ಮಗನಿಗೆ ಇಪ್ಪತ್ತೆಂಟು ಎಂಬುದು ದಾರಿಯಲ್ಲಿ ನನಗೆ ಹೊಳೆಯಿತು. ಯಾರಿಗೂ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಅವನಿಗೆ ಜಯನಗರದ ಕನ್ನಡ ಕಲಿಸುತ್ತಿದ್ದರು. ಮಾತಿನ ಕೊನೆಗೆ 'ರಿ' ಬರಕೂಡದು, ಇದು ಮುಖ್ಯ ನಿಯಮ. ಅವನು ಬನಶಂಕರಿಯಿಂದ ಕೋಣನಕುಂಟೆಯವರೆಗೂ ಬರ್ತೀನಿ, ಹೋಗ್ತೀನಿ, ಸಖತ್ತಾಗಿದೆ ಎಂದು ಜಪ ಮಾಡಿದ. ಪ್ರತಿ ಸಲವೂ 'ರಿ' ಒಂದು ತುಟಿಯವರೆಗೆ ಬಂದು ನಿಲ್ಲುವುದು ನಮಗೆಲ್ಲ ಕಾಣುತ್ತಿತ್ತು.

ಅಲ್ಲಿ ಕಪ್ಪು ಕೋಟು ಹಾಕಿದ ಹುಡುಗಿಯೊಬ್ಬಳು ನಮ್ಮನ್ನು ಬರಮಾಡಿಕೊಂಡಳು. ಮನೆ ತೋರಿಸುವುದು ಅವಳ ಕೆಲಸ. ಕುಡಿಯಲು ಹಣ್ಣಿನ ರಸ ಕೊಟ್ಟಳು, ಅತ್ತೆಯ ಕೈ ಹಿಡಿದು ಮಾದರಿ ಮನೆಗೆ ಕರೆದುಕೊಂಡು ಹೋದಳು. ಮಾತಿನಲ್ಲಿ ಅರ್ಧ ಇಂಗ್ಲಿಷು, ಉಳಿದರ್ಧ ತಿದ್ದಿ ತೀಡಿದ ಕನ್ನಡ. ತೋಟ ನೋಡಿಕೊಂಡು ಬರುತ್ತೇವೆಂದು ನಮ್ಮ 'ಮಕ್ಕಳು' ಕೆಳಗೇ ಉಳಿದರು. ನಾವು ಮೇಲೆ ಎಷ್ಟು ಹೊತ್ತು ಅವಳನ್ನು ಮಾತಿನಲ್ಲಿ ಕಟ್ಟಿಹಾಕುತ್ತೇವೋ ಅವರಿಗೆ ಅಷ್ಟು ಹೊತ್ತು ಸಮಯ.

ಕಟ್ಟಿಹಾಕುವ ಕಷ್ಟವೇನೂ ಬರಲಿಲ್ಲ. ಯಜಮಾನರು ಬಾಗಿಲು ದಾಟಿದ ಕೂಡಲೇ ನಾಟಕವನ್ನು ಮರೆತುಬಿಟ್ಟರು. ಕಾವೇರಿ ನೀರು ಬರುತ್ತದೆಯೋ ಬೋರ್‌ವೆಲ್ಲೋ, ಕಾರು ನಿಲ್ಲಿಸಲು ಒಂದು ಜಾಗವೋ ಎರಡೋ ಎಂದು ನಿಜವಾದ ಕಾಳಜಿಯಿಂದ ಕೇಳತೊಡಗಿದರು. ಅತ್ತೆ ಬೆರಳಿನ ಗೆಣ್ಣಿನಿಂದ ಗೋಡೆಗಳನ್ನು ತಟ್ಟಿ ಕಿವಿಯಿಟ್ಟು ಕೇಳಿದರು. ದೇವರ ಮನೆ ಎಲ್ಲಿ ಎಂದಾಗ ಹುಡುಗಿ ಒಂದು ಕಪಾಟು ತೋರಿಸಿದಳು. ಇಷ್ಟರಲ್ಲಿ ದೇವರು ನಿಂತುಕೊಂಡೇ ಇರಬೇಕಾಗುತ್ತದೆ ಎಂದು ಅತ್ತೆ ಆಕ್ಷೇಪಿಸಿದರು.

ಆಮೇಲೆ ಹುಡುಗಿ ಬಾಲ್ಕನಿಯ ಬಾಗಿಲು ಸರಿಸಿ, ಇಲ್ಲಿಂದ ನೋಟ ಬಹಳ ಚೆಂದ ಎಂದಳು. ನಾವೆಲ್ಲ ಹೋಗಿ ಕೆಳಗೆ ನೋಡಿದೆವು. ಹುಲ್ಲಿನ ಮೇಲೆ ನಮ್ಮ ದೊಡ್ಡ ಮಗ, ಇಸ್ತ್ರಿ ಮಾಡಿದ ಅಂಗಿ ಬಿಚ್ಚಿಟ್ಟು, ಒಳಗೆ ಹಾಕಿಕೊಂಡು ಬಂದಿದ್ದ ಹರಕು ಅಂಗಿಯಲ್ಲಿ, ನಾಲಿಗೆ ಹೊರಚಾಚಿ, ಜಲಪಾತದ ಕಡೆಗೆ ತೆವಳುತ್ತಿದ್ದ. ಚಿಕ್ಕ ಮಗ ಅವನ ಪಕ್ಕದಲ್ಲೇ ಹೊಟ್ಟೆಯ ಮೇಲೆ ಮಲಗಿದ್ದ.

ಹುಡುಗಿ ನನ್ನ ಮುಖ ನೋಡಿದಳು.

"ಅವನಿಗೆ ಹುಲ್ಲು ಅಂದ್ರೆ ಚಿಕ್ಕ ವಯಸ್ಸಿನಿಂದ ಇಷ್ಟ," ಎಂದೆ. ಸುಳ್ಳು ಹೇಳುವುದು ನನ್ನಿಂದಾಗದು ಎಂದದ್ದು ನಿಜವೇ ಆಗಿತ್ತು.

ಅವನು ಜಲಪಾತಕ್ಕೆ ಇನ್ನೆರಡು ಅಡಿ ದೂರದಲ್ಲಿದ್ದಾಗ ಜಲಪಾತ ನಿಂತುಹೋಯಿತು. ಜನ ಬಂದಾಗ ಅರ್ಧ ಗಂಟೆ ಸುರಿದು ತಾನಾಗಿ ನಿಲ್ಲುವಂತೆ ಅದಕ್ಕೆ ಟೈಮರ್ ಇತ್ತೆಂದು ಆಮೇಲೆ ತಿಳಿಯಿತು. ಸಾಯುತ್ತಿದ್ದ ಪ್ರಯಾಣಿಕ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಕಲಿತದ್ದೆಲ್ಲ ಮರೆತು ಕೂಗಿದ.

"ಯಾರ್ರಿ ನೀರು ಬಂದ್ ಮಾಡಿದವ್ರು? ಹತ್ತಿರ ಬಂದಿದ್ನೆಲ್ರಿ ನಾ!"

ಹುಡುಗಿಯ ಮುಖದಲ್ಲಿದ್ದ ಕೆಲಸದ ನಗೆ ಅಲ್ಲೇ ಮಾಯವಾಯಿತು. ನಿಮ್ಮ ಮಗ ಎಲ್ಲಿಯವರು ಎಂದು ಕೇಳಿದಳು. ಜಯನಗರ ಎಂದೆ.

"ನಂದು ಇಳಕಲ್ ರೀ ಮೇಡಂ. ಜಯನಗರದಾಗ ಹಿಂಗ ಮಾತಾಡ್ತಾರೇನ್ರಿ?"

ಯಜಮಾನರು ಕಾರಿನ ಕೀ ಹುಡುಕಿಕೊಳ್ಳತೊಡಗಿದರು. ಅತ್ತೆ ಮಾತ್ರ ಸೋಫಾದ ಮೇಲೆ ಸಾವಕಾಶ ಕೂತು, ಇದು ಸಿನಿಮಾ, ನಾನು ಸ್ವರ್ಗದ ಕಾವಲಿನವಳು, ಇವಳು ಸಾಯದೆ ಉಳಿಯುವ ಡಾಕ್ಟರು, ಕೆಳಗಿರುವವನಿಗೆ ಬಾಯಾರಿಕೆಯಾಗಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಹೆದರಿದಳು. ಮ್ಯಾನೇಜರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ನಮ್ಮನ್ನು ಕೆಳಗೆ ಕರೆದುಕೊಂಡು ಹೋಗಿ, ನಿರ್ದೇಶಕನ ಪಕ್ಕದಲ್ಲೇ ನಿಂತು, ಅಲ್ಲಿ ಚಿತ್ರಿಸಿದ್ದನ್ನೆಲ್ಲ ಒಂದೊಂದಾಗಿ ಅಳಿಸಿದಳು. ಅವನು ಅಳುವ ಮುಖ ಮಾಡಿದ. ಅದನ್ನು ಯಾರೂ ಚಿತ್ರಿಸಿಕೊಳ್ಳಲಿಲ್ಲ.

ಅವನ ಮುಖ ನೋಡಿ ಅವಳಿಗೇ ಮನಸ್ಸು ಕರಗಿತೋ ಏನೋ, ಮೆಲ್ಲಗೆ ಒಂದು ವಿಷಯ ಹೇಳಿದಳು. ಇಲ್ಲಿನ ತಾಳೆ, ಬಾಳೆ, ಹೂವು ಯಾವುದೂ ಇಲ್ಲಿನದಲ್ಲ, ಎಲ್ಲ ಮಣ್ಣಿನಲ್ಲಿ ಮುಚ್ಚಿಟ್ಟ ಕುಂಡಗಳು. ಶುಕ್ರವಾರ ನರ್ಸರಿಯಿಂದ ಲಾರಿಯಲ್ಲಿ ಬರುತ್ತವೆ, ಸೋಮವಾರ ಹಿಂದಿರುಗುತ್ತವೆ.

"ಇದ ಸ್ವರ್ಗ ಅಂತ ದಿನಕ್ಕ ಹತ್ತು ಸಲ ಹೇಳ್ತೀನ್ರಿ. ನಾ ಇರೋದು ಬಿಟಿಎಂದಾಗ, ನಾಕು ಮಂದಿ ಒಂದ ರೂಮಿನ್ಯಾಗ. ನಿಮಗ ಗಿಡಾನ ಬೇಕಂದ್ರ ಆ ನರ್ಸರಿಗೇ ಹೋಗ್ರಿ."

ಅವಳ ರೂಮು ನಿರ್ದೇಶಕನ ರೂಮಿನಿಂದ ಎರಡೇ ರಸ್ತೆ ಆಚೆ ಎಂದು ತಿಳಿದದ್ದು ಆಗಲೇ. ವಾಪಸು ಬರುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ಯಜಮಾನರು, ಏನೇ ಹೇಳಿ, ಆ ಎರಡನೆಯ ಬೆಡ್‌ರೂಮು ಚೆನ್ನಾಗಿತ್ತು ಎಂದರು.

ನರ್ಸರಿ ಕನಕಪುರ ರಸ್ತೆಯಲ್ಲೇ ಇನ್ನಷ್ಟು ಮುಂದಿತ್ತು. ಅದರ ಮಾಲೀಕರು ದಪ್ಪ ಮೀಸೆಯ, ಲುಂಗಿ ಉಟ್ಟ ಮನುಷ್ಯ. ಈ ಸಲ ನಾವು ನಿಜವನ್ನೇ ಹೇಳಿದೆವು. ಶನಿವಾರ ಭಾನುವಾರ ಗಿರಾಕಿಗಳ ಕಾಟ, ಮಂಗಳವಾರ ಬನ್ನಿ, ಒಂದು ಎಲೆ ಕಿತ್ತರೂ ಎದ್ದು ಹೋಗಬೇಕು ಎಂದು ಒಪ್ಪಿಕೊಂಡರು. ಅಪಾರ್ಟ್‌ಮೆಂಟಿನ ಹುಡುಗಿಗೂ ಮಂಗಳವಾರವೇ ರಜೆ. ಅವಳೂ ಬಂದಳು. ನಿರ್ದೇಶಕ ನಿಂತ ನಿಲುವಿನಲ್ಲೇ ಕೊಲೆಗಡುಕರ ಗುಂಪಿನ ನಾಯಕಿಯ ಪಾತ್ರ ಬರೆದುಕೊಟ್ಟ. ಮನೆ ತೋರಿಸುವಾಗಿನ ಅದೇ ನಗೆಯನ್ನು ಇಟ್ಟುಕೊಂಡು ಅವಳು ಕತ್ತಿ ಹಿಡಿದು ಬರುವುದನ್ನು ನೋಡಿ ನಾನು ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಸರಿದೆ.

ಹುಡುಗರು ಆಫೀಸಿಗೆ, ನಾನು ಕ್ಲಿನಿಕ್ಕಿಗೆ ಒಂದು ದಿನ ರಜೆ ಹಾಕಿದೆವು. ಡಾಕ್ಟರು ಸ್ವರ್ಗಕ್ಕೆ ಹೋಗಿದ್ದಾರೆ ಎಂದು ಬಾಗಿಲಿಗೆ ಬರೆದು ಹಾಕುವ ಹಾಗಿಲ್ಲವಲ್ಲ ಎಂದುಕೊಂಡು ಅತ್ತೆ ಬರೀ 'ಇವತ್ತಿಲ್ಲ' ಎಂದು ಬರೆದರು.

ಹಸಿರು ಬಲೆಯ ಚಪ್ಪರದ ಕೆಳಗೆ ಬೆಳಕೆಲ್ಲ ಹಸಿರಾಗಿ ಸೋಸಿ ಬರುತ್ತಿತ್ತು. ಮೇಲಿನ ಕೊಳವೆಗಳಿಂದ ನೀರು ಹೊಗೆಯಂತೆ ಇಳಿಯುತ್ತಿತ್ತು. ಜರಿಗಿಡಗಳು ಸಾಲುಸಾಲಾಗಿ ಇಳಿಬಿದ್ದಿದ್ದವು. ನಿರ್ದೇಶಕ ಕುಂಡಗಳಿಗೆ ಚುಚ್ಚಿದ್ದ ಬೆಲೆಯ ಚೀಟಿಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತಾ ಹೋದ.

ಅತ್ತೆಗೆ ಬಿಳಿ ಸೀರೆ ಎಂದು ಅವನು ಬರೆದಿದ್ದ. ಬಿಳಿ ಉಡುವುದಿಲ್ಲ ಎಂದು ಅವರು ಗಿಳಿಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೊದಲ ಶಾಟಿನಲ್ಲಿ ಎಲೆಗಳ ನಡುವೆ ಅವರು ಕಾಣಲೇ ಇಲ್ಲ, ಮುಖವೊಂದೇ ಗಾಳಿಯಲ್ಲಿ ತೇಲುತ್ತಿತ್ತು. ಆಮೇಲೆ ಕೆಂಪು ಎಲೆಯ ಗಿಡಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅದಕ್ಕೆ ನಮ್ಮ ಮನೆಯ ಹೊದಿಕೆ ಹೊದಿಸಿ ಸಿಂಹಾಸನ ಮಾಡಿದರು. ಮಂಗಳವಾರ ಗಿರಾಕಿಗಳಿರುವುದಿಲ್ಲ ಎಂದಿದ್ದರೂ ಮೂರು ನಾಲ್ಕು ಜನ ಬಂದರು. ರೇಷ್ಮೆ ಸೀರೆ ಉಟ್ಟು ನಡುವೆ ಕೂತವರೇ ಮಾಲೀಕರೆಂದು ಭಾವಿಸಿ ಅತ್ತೆಯನ್ನೇ ಕೇಳತೊಡಗಿದರು. ಆಂಟಿ, ಈ ಗಿಡ ಮನೆಯೊಳಗೆ ಬದುಕುತ್ತದಾ ಎಂದು ಒಬ್ಬಾಕೆ ಕೇಳಿದಳು. ನಿಮ್ಮ ಮನೆಯಲ್ಲಿ ಎಷ್ಟು ಜನ, ಕಿಟಕಿ ಯಾವ ಕಡೆಗೆ, ನೀರು ಹಾಕುವವರು ಯಾರು ಎಂದೆಲ್ಲ ವಿಚಾರಿಸಿ, ನಿಮ್ಮ ಕೈಯಲ್ಲಿ ಇದು ಉಳಿಯುವುದಿಲ್ಲ, ದೊಡ್ಡಪತ್ರೆ ತೆಗೆದುಕೊಂಡು ಹೋಗಿ ಎಂದು ಅತ್ತೆ ಕಳಿಸಿದರು. ನರ್ಸರಿಯ ಮಾಲೀಕರು ದೂರದಲ್ಲಿ ನಿಂತು ಮೀಸೆಯಡಿಯಲ್ಲೇ ನಗುತ್ತಿದ್ದರು.

ಮುಖ್ಯ ದೃಶ್ಯಕ್ಕೆ ಬರುವಾಗ ಮಧ್ಯಾಹ್ನ ಎರಡು ಗಂಟೆ. ನಾನು, ಉಳಿದ ಒಬ್ಬಳೇ ಒಬ್ಬಳು ಪ್ರಯಾಣಿಕಳು, ಕೆಸರಿನಲ್ಲಿ ತೆವಳಿ ಬಂದು ಕಾವಲಿನವರ ಕಾಲ ಬಳಿ ಕುಸಿಯಬೇಕು. 'ಯಾತ್ರಿಕಳೇ, ಏನನ್ನು ಅರಸಿ ಬಂದೆ?' ಎಂದು ಅವರು ಕೇಳಬೇಕು. 'ಏನನ್ನೂ ಅಲ್ಲ' ಎಂದು ನಾನು ಹೇಳಬೇಕು. ಬಾಗಿಲು ತೆರೆಯಬೇಕು. ಈ ಒಂದು ಮಾತನ್ನು ಅತ್ತೆ ಒಂದು ವಾರದಿಂದ ಬಾಯಿಪಾಠ ಮಾಡುತ್ತಿದ್ದರು. ದವಡೆ ಹಲ್ಲಿನ ನೋವಿಗೆ ಬಂದವರನ್ನೂ ಏನನ್ನು ಅರಸಿ ಬಂದೆ ಎಂದು ಕೇಳಿ ಕಂಗಾಲು ಮಾಡಿದ್ದರು.

ಮೂರು ಸಲ ತೆವಳಿದೆ. ಮೂರು ಸಲವೂ ಏನೋ ಒಂದು ಆಯಿತು. ಒಮ್ಮೆ ಲಾರಿಯ ಹಾರನ್, ಒಮ್ಮೆ ಗಿರಾಕಿ, ಒಮ್ಮೆ ನನ್ನದೇ ಸೀನು. ಬೆಳಿಗ್ಗೆ ಬೇಗ ಹೊರಟಿದ್ದರಿಂದ ನಾನು ತಿಂಡಿ ತಿಂದಿರಲಿಲ್ಲ. ಹಸಿದಿದ್ದರೆ ಮುಖ ಚೆನ್ನಾಗಿ ಬರುತ್ತದೆ ಎಂದು ನಿರ್ದೇಶಕನೂ ಹೇಳಿದ್ದ. ನಾಲ್ಕನೆಯ ಸಲ ತೆವಳಿ ಬಂದು ತಲೆಯೆತ್ತಿದಾಗ ನನಗೆ ನಟಿಸುವ ಅಗತ್ಯವೇ ಇರಲಿಲ್ಲ. ಮಂಡಿ ತರಚಿತ್ತು, ಕೂದಲು ಕೆನ್ನೆಗೆ ಅಂಟಿತ್ತು, ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆ ನನ್ನನ್ನು ನೋಡಿದರು. ಬಾಯಿ ತೆರೆದರು. ಹುಬ್ಬು ಗಂಟಿಕ್ಕಿ ಸ್ವಲ್ಪ ಮುಂದಕ್ಕೆ ಬಾಗಿದರು.

"ಬೆಳಗ್ಗೆಯಿಂದ ಏನಾದ್ರೂ ತಿಂದ್ಯೇನೇ?"

"ಇಲ್ಲ ಅತ್ತೆ," ಎಂದೆ ನಾನು.

ಅತ್ತೆ ಸಿಂಹಾಸನದಿಂದ ಎದ್ದರು.

"ಎದ್ದೇಳು. ಮೊದಲು ಊಟ." ಆಮೇಲೆ ನಿರ್ದೇಶಕನ ಕಡೆ ತಿರುಗಿದರು. "ಏನಪ್ಪಾ, ಹೀಗಾ ಜನರನ್ನ ಸಾಯಿಸೋದು?"

ಕ್ಯಾಮೆರಾದವನು ನಗು ತಡೆಯಲಾರದೆ ನಡುಗುತ್ತಿದ್ದ. ಕೊಲೆಗಡುಕಿ ಕತ್ತಿ ಕೆಳಗಿಟ್ಟು ನಕ್ಕಳು. ನಿರ್ದೇಶಕ ಮಾತ್ರ ತಲೆಯ ಮೇಲೆ ಕೈಹೊತ್ತು ನಿಂತ.

"ಅಮ್ಮಾರ, ಸ್ವರ್ಗದಾಗ ಹಸಿವಿನೇ ಇರಂಗಿಲ್ರಿ. ಅದ ನಮ್ಮ ಕಥೀ."

"ಹಸಿವಿಲ್ಲ ಅಂದ್ರೆ ಅಲ್ಲಿ ಅಡುಗೆ ಯಾರೂ ಮಾಡಲ್ವಾ? ಮತ್ತೆ ದಿನವೆಲ್ಲಾ ಜನ ಏನ್ ಮಾಡ್ತಾರೆ?"

ಅತ್ತೆ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬಿಸಿಬೇಳೆಬಾತು ತಂದಿದ್ದರು. ಕುಂಡಗಳ ನಡುವೆ ಜಾಗ ಮಾಡಿಕೊಂಡು ಕೂತೆವು. ಮೊದಲ ತಟ್ಟೆ ನನಗೆ ಬಂತು.

ಉಣ್ಣುತ್ತಾ ನನಗೆ ಒಂದು ವಿಷಯ ಹೊಳೆಯಿತು. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಒಂದೂವರೆಯಿಂದ ಎರಡೂವರೆಯವರೆಗೆ ಅತ್ತೆ ಯಾರಿಗೂ ಸಮಯ ಕೊಡುತ್ತಿರಲಿಲ್ಲ. ಎಷ್ಟೇ ನೋವಿದ್ದರೂ, ಎಷ್ಟೇ ಬೇಡಿಕೊಂಡರೂ ಇಲ್ಲ. ಅದು ಅವರ ನಿದ್ದೆಗಾಗಿ ಎಂದು ನಾನು ಆ ನಾಲ್ಕು ವರ್ಷವೂ ಒಳಗೊಳಗೆ ಸಿಡುಕಿದ್ದೆ. ಆ ಹೊತ್ತಿನಲ್ಲಿ ಅವರು ಮಲಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮೇಲೆ ಹೋದಾಗ ತಟ್ಟೆ ಹಾಕಿರುತ್ತಿತ್ತು, ನಾನು ಫೋನ್ ನೋಡುತ್ತಾ ತಿಂದು ಎದ್ದು ಬರುತ್ತಿದ್ದೆ. ಇದನ್ನು ಅವರಿಗೆ ಹೇಳಬೇಕೆನ್ನಿಸಿತು. ಹೇಗೆ ಶುರುಮಾಡುವುದೆಂದು ಯೋಚಿಸುವಷ್ಟರಲ್ಲಿ, ಬಾತಿಗೆ ಉಪ್ಪು ಕಡಿಮೆಯಾಗಿದೆ ಎಂದು ಅವರೇ ಅಂದರು. ಸರಿಯಾಗಿದೆ ಎಂದೆ. ಅಷ್ಟಕ್ಕೇ ನಿಂತಿತು.

ಊಟವಾದ ಮೇಲೆ ಅತ್ತೆ ಐದು ಸಲ ತಪ್ಪಿಲ್ಲದೆ, 'ಯಾತ್ರಿಕಳೇ' ಎಂದು ಧ್ವನಿಯೆತ್ತಿ, ಮಾತು ಹೇಳಿದರು. ನಾನೂ ಹೊಟ್ಟೆ ತುಂಬಿದ ಪ್ರಯಾಣಿಕಳಾಗಿ ಐದು ಸಲ ಕುಸಿದೆ.

ಚಿತ್ರ ಸಿದ್ಧವಾಗಲು ಎಂಟು ತಿಂಗಳು ಬೇಕಾಯಿತು. ಬನಶಂಕರಿಯಲ್ಲಿ ಒಂದು ಸಣ್ಣ ಹಾಲ್ ಗೊತ್ತುಮಾಡಿ, ಒಂದು ಭಾನುವಾರ ಮಧ್ಯಾಹ್ನ ನಮಗೆಲ್ಲ ತೋರಿಸಿದ. ನಲವತ್ತು ನಿಮಿಷದ ಸಾಹಸ ಚಿತ್ರ. ಬಂದವರು ಹೆಚ್ಚಿನವರು ಅವನ ಸ್ನೇಹಿತರೇ. ಅವರು ಶಿಖರದಿಂದ ಬೀಳುವಲ್ಲಿ ನಕ್ಕರು, ಗುಹೆಯಲ್ಲಿ ನಕ್ಕರು, ಸಾಯುವಲ್ಲೆಲ್ಲ ಸತ್ತವನ ಹೆಸರು ಹಿಡಿದು ಕೂಗಿದರು. ನಿರ್ದೇಶಕ ಗೋಡೆಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ. ಹಲ್ಲಿಗೆ ಒಳ್ಳೆಯದಲ್ಲ ಎಂದು ಸನ್ನೆ ಮಾಡಿದೆ, ನೋಡಲಿಲ್ಲ. ಬೆನ್ನಟ್ಟುವ ದೃಶ್ಯ ನಡೆಯುವಾಗ ಅತ್ತೆ ನಿದ್ದೆ ಹೋದರು.

ಹಸಿರು ಬೆಳಕು ತೆರೆಯನ್ನು ತುಂಬಿದಾಗ ಅವರನ್ನು ಎಬ್ಬಿಸಿದೆ. ನಾನು ತೆವಳಿ ಬಂದೆ. ಕೂದಲು ಕೆನ್ನೆಗೆ ಅಂಟಿತ್ತು. ಅದು ನಾಲ್ಕನೆಯ ಸಲದ್ದು ಎಂದು ನನಗೆ ಆಗಲೇ ಗೊತ್ತಾಯಿತು. ತೆರೆಯ ತುಂಬ ಅತ್ತೆಯ ಮುಖ ಬಂತು. ಏನಾದರೂ ತಿಂದ್ಯೇನೇ ಎಂದು ಕೇಳಿತು. ಹಾಲ್‌ನಲ್ಲಿ ನಗು ಒಡೆಯಿತು. ಆದರೆ ಇಲ್ಲ ಅತ್ತೆ ಎಂಬ ನನ್ನ ದನಿ ಬಂದ ಕೂಡಲೇ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಲ್ಲಿಗೆ ಚಿತ್ರ ಮುಗಿದಿತ್ತು. ಬಾಗಿಲು ತೆರೆಯುವುದನ್ನು ಅವನು ಇಟ್ಟಿರಲೇ ಇಲ್ಲ.

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಅತ್ತೆಗೆ ಕೋಪ ಬಂದಿತ್ತು. ಸರಿಯಾಗಿ ಐದು ಸಲ ಹೇಳಿದ್ದನ್ನು ಬಿಟ್ಟು ತಪ್ಪಿದ್ದನ್ನೇ ಹಾಕಿದ್ದಾನೆ, ಬೇಕೆಂದೇ ಮಾಡಿದ್ದಾನೆ ಎಂದು ನಿರ್ದೇಶಕನನ್ನು ಕರೆಸಿ ಎಲ್ಲರ ಮುಂದೆ ಬೈದರು. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಏನ್ ಮಾಡ್ಲಿ ಅಮ್ಮಾರ. ಇಡೀ ಸಿನಿಮಾದಾಗ ಅದೊಂದ ಖರೇ ಅನಸ್ತು."

ಅತ್ತೆ ಅದಕ್ಕೂ ಒಪ್ಪಲಿಲ್ಲ. ಆದರೆ ಆ ಭಾಗವನ್ನು ಇನ್ನೊಂದು ಸಲ ಹಾಕಿಸಿ ನೋಡಿದರು. ಆಮೇಲೆ ಮತ್ತೊಂದು ಸಲ.

ಚಿತ್ರ ಇಂಟರ್ನೆಟ್ಟಿಗೆ ಹೋಯಿತು. ಲೋಕವೇನೂ ಅಲ್ಲಾಡಲಿಲ್ಲ, ಆದರೆ ನೋಡಿದವರು ನೋಡಿದರು. ಕಾವಲಿನ ದೇವತೆಯನ್ನು ಡಾಕ್ಟರು ಅತ್ತೆ ಎಂದು ಕರೆದದ್ದು ಏಕೆ ಎಂಬುದರ ಬಗ್ಗೆ ಕೆಳಗಿನ ಕಾಮೆಂಟುಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಬೆಟ್ಟ ಕಾಡು ಅಲೆದವಳು ಕೊನೆಗೆ ತನ್ನ ಗಂಡನ ಮನೆಗೇ ಬಂದು ಮುಟ್ಟಿದ್ದಾಳೆ, ಇದೇ ಕಥೆಯ ತಿರುವು ಎಂದು ಒಬ್ಬರು ಉದ್ದಕ್ಕೆ ಬರೆದು ವಿವರಿಸಿದ್ದರು. ನಿರ್ದೇಶಕ ಅದನ್ನು ನನಗೆ ಕಳಿಸಿ, ಹಂಗೇ ಅಂತ ಇಟ್ಟುಬಿಡೋಣ್ರಿ ಎಂದು ಬರೆದ. ಅಪಾರ್ಟ್‌ಮೆಂಟಿನ ಹುಡುಗಿ ಇನ್ನೂ ಅಲ್ಲೇ ಮನೆ ತೋರಿಸುತ್ತಾಳೆ. ಅವಳೂ ನಿರ್ದೇಶಕನೂ ಜೊತೆಯಾಗಿ ಬಂದಾಗಲೆಲ್ಲ, ನನಗೇನಾದರೂ ಹೇಳುವುದಿದೆಯಾ ಎಂದು ಅತ್ತೆ ಕೇಳುತ್ತಾರೆ. ಇಲ್ಲವೆಂದು ಇಬ್ಬರೂ ಒಟ್ಟಿಗೇ ಹೇಳುತ್ತಾರೆ.

ಕಳೆದ ತಿಂಗಳು ಕನಕಪುರ ರಸ್ತೆಯಲ್ಲಿ ಬಂದ ರೋಗಿಯೊಬ್ಬರು ಒಂದು ಸುದ್ದಿ ತಂದರು. ನರ್ಸರಿಯವರು ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ, ಅದರಲ್ಲಿ ಅತ್ತೆಯ ಚಿತ್ರವಿದೆ. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ. ಅತ್ತೆ ಪುಸ್ತಕ ಮುಚ್ಚಿ, ಈಗಲೇ ಕಾರು ತೆಗಿ ಎಂದರು. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ನನ್ನೆದುರು ಅಭ್ಯಾಸ ಮಾಡಿಕೊಂಡರು. ಫ್ಲೆಕ್ಸಿನಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಕಣ್ಣು ಮುಚ್ಚಿತ್ತು, ಪಕ್ಕದಲ್ಲಿ ಎಲ್ಲಾ ತರಹದ ಹೂಗಿಡ ಸಿಗುತ್ತದೆ ಎಂದು ಬರೆದಿತ್ತು. ಅತ್ತೆ ಕೆಳಗೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಮಾಲೀಕರ ಜೊತೆ ಅರ್ಧ ಗಂಟೆ ಮಾತಾಡಿದರು. ನಾನು ಕಾರಿನ ಹತ್ತಿರವೇ ಉಳಿದೆ, ಏನು ಗಲಾಟೆಯಾಗುತ್ತದೋ ಎಂದು.

ಕೈಯಲ್ಲಿ ಮಲ್ಲಿಗೆಯ ಕುಂಡ ಹಿಡಿದುಕೊಂಡು ಹೊರಬಂದರು. ಏನಾಯಿತೆಂದು ಕೇಳಿದೆ.

"ಕಣ್ಣು ತೆಗೆದಿರೋ ಫೋಟೋ ಹಾಕಿ ಅಂತ ಹೇಳಿದೀನಿ. ನಿನ್ನ ಫೋನಲ್ಲಿ ಇದೆಯಲ್ಲ, ಆ ಊಟದ್ದು, ಅದನ್ನ ಕಳಿಸ್ತಾಳೆ ಅಂದೆ."

ಆ ಫೋಟೋದಲ್ಲಿ ನಾನೂ ಇದ್ದೇನೆ, ಮುಖವೆಲ್ಲ ಕೆಸರು, ಬಾಯಿ ತುಂಬ ಬಿಸಿಬೇಳೆಬಾತು. ಅದನ್ನು ಹೇಳಿದೆ. ಇರಲಿ ಬಿಡು ಎಂದು ಅತ್ತೆ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮನೆಗೆ ಬರುವ ದಾರಿಯಲ್ಲೇ ನಾನು ಫೋಟೋ ಕಳಿಸಿದೆನೇ ಎಂದು ಎರಡು ಸಲ ಕೇಳಿದರು.